ಸೊಸೆಯ ಮಾನ

ಪೆಟ್ಟಿಗೆ ಬಿಚ್ಚಿದಾಗ ರಂಭಾಬಾಯಿ ಅದನ್ನು ಹೊಸ ನಮೂನೆಯ ಕಡಗೋಲು ಅಂದುಕೊಂಡಳು. ಗೇಣುದ್ದದ ಹಿಡಿ, ಹಿಡಿಯ ತುದಿಗೆ ನಾಲ್ಕು ಕಟ್ಟಿಗೆಯ ಗುಂಡು, ಗುಂಡಿನ ಮೈತುಂಬ ಕಡಲೆಕಾಳಿನಷ್ಟು ಗುಬುಟು. ಮಜ್ಜಿಗೆ ಮಾಡಲು ಇಷ್ಟು ಚಂದದ ಸಾಮಾನು ಯಾಕೆ ಬೇಕಿತ್ತು ಎಂದು ಆಕೆ ಕೇಳಿದಳು. ಮಗ ಕೈಲಾಸ ನಕ್ಕ. ಇದು ಮಜ್ಜಿಗೆಗಲ್ಲ, ಕುತ್ತಿಗೆ ಭುಜ ಹಿಡಿದುಕೊಂಡರೆ ಮೇಲೆ ಉರುಳಿಸುವ ಸಾಮಾನು, ಸ್ವಪ್ನಾಲಿಗೆಂದು ಮೊಬೈಲಿನಲ್ಲಿ ತರಿಸಿದ್ದು ಎಂದ. ಅವ್ವನ ಮುಖ ನೋಡಿದ ಮೇಲೆ ಅವನ ನಗು ಅಲ್ಲಿಗೇ ನಿಂತಿತು.

ಗಂಡನಾದವನು ಹೆಂಡತಿಗೆ ಸೀರೆ ತರಬಹುದು, ಉಮರ್ಗಾಕ್ಕೆ ಕರೆದೊಯ್ದು ಐಸ್‌ಕ್ರೀಮ್ ತಿನ್ನಿಸಬಹುದು. ಮರಾಠಿ ಸೀಮೆಯ ಗಡಿಯೂರು ಮುರುಮದ ರೇವಣಪ್ಪನ ಮನೆಯಲ್ಲಿ ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಹೆಂಡತಿಯ ಕುತ್ತಿಗೆ ತಿಕ್ಕುವ ಸಾಮಾನು ತರುವುದೆಂದರೆ, ಈ ಮನೆಯಲ್ಲಿ ಸೊಸೆಯ ಕುತ್ತಿಗೆ ಮುರಿಯುವಷ್ಟು ಕೆಲಸ ಹೇರುತ್ತಾರೆ ಎಂದು ಓಣಿಗೆ ಡಂಗುರ ಹೊಡೆದ ಹಾಗೆ ಎಂಬುದು ರಂಭಾಬಾಯಿಯ ವಾದ. ತಾನು ಆಳಂದ ಕಡೆಯಿಂದ ಈ ಮನೆಗೆ ಬಂದಾಗ ಬಾವಿ ಊರ ಹೊರಗಿತ್ತು, ತಲೆಯ ಮೇಲೆ ಎರಡು ಕೊಡ, ಸೊಂಟದ ಮೇಲೆ ಒಂದು, ತನ್ನ ಕುತ್ತಿಗೆಗೆ ಯಾರು ಏನು ತಂದಿದ್ದರು ಎಂದು ಕೇಳಿದಳು. ಕೇಳಿದ್ದು ಮಗನನ್ನು, ನೋಡಿದ್ದು ಗಂಡನನ್ನು. ರೇವಣಪ್ಪ ಚಹಾದ ಬಶಿಯೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತ ಕುಳಿತ.

ಸ್ವಪ್ನಾಲಿ ನಿಲಂಗಾದ ಹುಡುಗಿ. ಲಿಂಗಾಯತರ ಮನೆಯೇ, ಆದರೆ ಆ ಮನೆಯಲ್ಲಿ ಕನ್ನಡ ಅವಳ ಅಜ್ಜಿಯ ಜೊತೆಗೇ ಮುಗಿದಿತ್ತು. ಹುಟ್ಟಿ ಬೆಳೆದದ್ದು, ಓದಿದ್ದು, ಜಗಳಾಡಿದ್ದು ಎಲ್ಲ ಮರಾಠಿಯಲ್ಲಿ. ಮುರುಮಕ್ಕೆ ಬಂದ ಮೇಲೆ ಅತ್ತೆಯ ಬಾಯಿಂದಲೇ ಕನ್ನಡ ಕಲಿತಳು. ಸಿಗದ ಕಡೆ ಮರಾಠಿಯ ಮಾತೊಂದನ್ನು ತುಂಬಿ ಮುಂದೆ ಹೋಗುತ್ತಿದ್ದಳು, ಮನೆಯವರಿಗೆ ತಿಳಿಯುತ್ತಿತ್ತು. ತವರಿನಿಂದ ಹೊಲಿಗೆ ಯಂತ್ರ ತಂದಿದ್ದಳು. ಮುಂಜಾನೆ ರೊಟ್ಟಿ, ಕಸ, ಮುಸುರೆ, ಬಟ್ಟೆ ಮುಗಿದ ಮೇಲೆ ಕಿಟಕಿಯ ಹತ್ತಿರ ಬಗ್ಗಿ ಕುಳಿತು ಓಣಿಯ ಹೆಣ್ಣುಮಕ್ಕಳ ಬ್ಲೌಸು ಹೊಲಿಯುತ್ತಿದ್ದಳು. ಅವಳ ಕೈಯ ಹೊಲಿಗೆಗೆ ಉಮರ್ಗಾದಿಂದಲೂ ಅರಿವೆ ಬರುತ್ತಿತ್ತು. ಯಂತ್ರದ ಮುಂದೆ ಒಂದು ಬಗ್ಗುವುದು, ಮಾವ ಪಡಸಾಲೆಯಲ್ಲಿದ್ದರೆ ತಲೆತುಂಬ ಸೆರಗು ಹೊದ್ದು ಇನ್ನೊಂದು ಬಗ್ಗುವುದು. ದೀಪಾವಳಿ ಮುಗಿದಾಗಿನಿಂದ ಕುತ್ತಿಗೆಯ ನೋವು ಬಲಭುಜಕ್ಕೆ ಇಳಿದಿತ್ತು, ಕೆಲವು ದಿನ ಬೆರಳ ತನಕ ಇರುವೆ ಹರಿದ ಹಾಗೆ ಆಗುತ್ತಿತ್ತು. ಹೊಲಿಗೆ ಅವಳ ಸ್ವಂತದ್ದು. ಆ ಮನೆಯಲ್ಲಿ ಅವಳದೆಂದು ಇದ್ದದ್ದು ಅದೊಂದೇ, ಆದ್ದರಿಂದ ಬೆರಳಿನ ಸುದ್ದಿ ಬಂದಾಗ ಅವಳಿಗೆ ಹೆದರಿಕೆಯಾಗಿತ್ತು.

ಕಟ್ಟಿಗೆಯ ಸಾಮಾನಿಗೆ ಮನೆಯಲ್ಲಿ ಗಾಲಿ ಎಂದು ಹೆಸರು ಬಿತ್ತು. ಮೊದಲು ಕೆಲವು ದಿನ ಸ್ವಪ್ನಾಲಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಾನೇ ಉರುಳಿಸಿಕೊಂಡಳು. ಗಂಟು ಕಟ್ಟಿದ ಭುಜದ ಮೇಲೆ ಗುಂಡುಗಳು ಹತ್ತಿ ಇಳಿಯುವಾಗ ಕಣ್ಣು ತಾವಾಗಿ ಮುಚ್ಚುತ್ತಿದ್ದವು. ಆಮೇಲೆ ರೇವಣಪ್ಪ ಹೊಲದಿಂದ ಬಂದವನು ಅದನ್ನು ಮೊಳಕಾಲ ಮೇಲೆ ಆಡಿಸಿ ನೋಡಿದ, ಬಿಡಲಿಲ್ಲ. ಮಗಳು ಕಾಜಲ ಬಿ.ಎಡ್. ಪರೀಕ್ಷೆಗೆ ಓದುವವಳು, ಪುಸ್ತಕ ಒಂದು ಕೈಯಲ್ಲಿ, ಗಾಲಿ ಇನ್ನೊಂದು ಕೈಯಲ್ಲಿ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ರಂಭಾಬಾಯಿ ಮಾತ್ರ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಳು, ಹಟ ಬಹಳ ದಿನ ನಡೆಯಲಿಲ್ಲ. ಒಂದು ಮಧ್ಯಾಹ್ನ ತೊಗರಿ ಹಸನ ಮಾಡಿ ಎದ್ದವಳು ಬೆನ್ನು ಹಿಡಿದುಕೊಂಡು, ಅದರಾಗೇನದ ನೋಡಮು ಎಂದಳು. ಮರುದಿನದಿಂದ ಅದಿಲ್ಲದೆ ಆಕೆಗೆ ಮಧ್ಯಾಹ್ನವೇ ಆಗಲಿಲ್ಲ.

ತನ್ನ ಬೆನ್ನಿಗೆ ತನ್ನ ಕೈ ಮುಟ್ಟುವುದಿಲ್ಲವಲ್ಲ. ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ಯಾರೆಂದು ಆ ಮನೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಊಟವಾದ ಮೇಲೆ ರಂಭಾಬಾಯಿ ಗೋಡೆಗೆ ಮುಖ ಮಾಡಿ ಕೂಡುವಳು, ಸ್ವಪ್ನಾಲಿ ಹಿಂದೆ ಮೊಳಕಾಲೂರಿ ಗಾಲಿ ಉರುಳಿಸುವಳು. ಜರಾ ಬಿರುಸಾಗಿ ಎನ್ನುವಳು ಅತ್ತೆ, ಸೊಸೆ ಮೈಭಾರ ಹಾಕುವಳು. ಸುದ್ದಿ ತಿಳಿದ ಓಣಿಯ ಇಬ್ಬರು ಮೂವರು ಹೆಂಗಸರೂ ಬಂದು ಬೆನ್ನು ಒಡ್ಡತೊಡಗಿದರು, ರಂಭಾಬಾಯಿ ಅವರಿಗೆ ಎಲೆ ಅಡಿಕೆ ಕೊಟ್ಟು ಕೂಡಿಸುವಳು. ಕುತ್ತಿಗೆ ನೋವಿಗೆಂದು ಬಂದ ಸಾಮಾನು ಆ ಕುತ್ತಿಗೆಗೇ ಇನ್ನೊಂದು ಕೆಲಸವಾಗಿ ಕುಳಿತಿತು. ಅದು ಮಾತ್ರ ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಸ್ವಪ್ನಾಲಿ ಗಂಡನಿಗೆ ಹೇಳಿದಳು. ಸೂಜಿಗೆ ದಾರ ಪೋಣಿಸುವಾಗ ಬೆರಳು ಮಾತು ಕೇಳುತ್ತಿಲ್ಲ, ಉದಗೀರದಲ್ಲಿ ಒಬ್ಬ ಡಾಕ್ಟರಿದ್ದಾರೆ, ತೋರಿಸಿಕೊಂಡು ಬರೋಣ ಎಂದಳು. ಕೈಲಾಸ ಒಳ್ಳೆಯವನು. ಒಳ್ಳೆಯವರಲ್ಲಿ ಒಂದು ಜಾತಿಯಿದೆ, ಯಾವುದಕ್ಕೂ ಇಲ್ಲ ಎನ್ನುವುದಿಲ್ಲ, ಯಾವುದನ್ನೂ ಇವತ್ತು ಮಾಡುವುದಿಲ್ಲ. ಕಬ್ಬು ಕಡಿಯುವ ಟೋಳಿ ಬರುವುದಿದೆ, ಕಬ್ಬು ಹೋಗಲಿ ಎಂದ. ಟೋಳಿ ಬಂತು. ಆಗ, ಕಾಜಲಳನ್ನು ನೋಡಲು ಬರುವವರಿದ್ದಾರೆ, ಅದೊಂದು ಆಗಲಿ ಎಂದ.

ನೋಡಲು ಬಂದವರು ಆಳಂದ ಕಡೆಯವರು. ಹುಡುಗ ಸುಮಿತ ಹೈಸ್ಕೂಲ್ ಮಾಸ್ತರ, ಫೋಟೋದಲ್ಲೇ ಕಾಜಲಳಿಗೆ ಒಪ್ಪಿಗೆಯಾಗಿದ್ದ. ಮಾತು ತಂದವರು ಮನೆತನದ ಜಂಗಮ ಅಯ್ಯನವರಾದ ಗುರುಬಸಯ್ಯ. ಹುಡುಗನ ತಾಯಿ ನೀಲಗಂಗಮ್ಮ ದೊಡ್ಡ ಮೈಯ, ಸಾವಕಾಶ ಮಾತಿನ ಹೆಂಗಸು. ಉಪ್ಪಿಟ್ಟು ಚಹಾ ಆಯಿತು, ಹುಡುಗಿಯನ್ನು ನೋಡಿದ್ದಾಯಿತು, ಮೆಚ್ಚಿದ್ದೂ ಆಯಿತು. ಗಂಡಸರು ಹೊಲ ನೋಡಲು ಎದ್ದರು, ಕಾಜಲ ಒಳಗೆ ಭಜಿ ಕರಿಯಲು ಹೋದಳು. ಜೀಪಿನ ದಾರಿಗೆ ಹೆಗಲು ಸೋತಿವೆ ಎಂದು ನೀಲಗಂಗಮ್ಮ ಅಂದದ್ದೇ ತಡ, ರಂಭಾಬಾಯಿ ಅಭಿಮಾನದಿಂದ ಗಾಲಿ ತರಿಸಿದಳು. ಸ್ವಪ್ನಾಲಿ ಬೀಗಿತ್ತಿಯ ಹಿಂದೆ ಮೊಳಕಾಲೂರಿದಳು.

ಗುಂಡುಗಳು ನಾಲ್ಕು ಸಲ ಉರುಳುವುದರೊಳಗೆ ನೀಲಗಂಗಮ್ಮನ ಮಾತಿನಲ್ಲಿ ಬೆಣ್ಣೆ ಇಳಿಯಿತು. ಇದನ್ನು ಎಲ್ಲಿಂದ ತಂದಿರಿ ಎಂದು ಪ್ರೀತಿಯಿಂದ ಕೇಳಿದಳು. ಕೇಳಿದ್ದು ಸೊಸೆಯನ್ನು. ಬಂದ ಬೀಗರ ಮುಂದೆ ಶುದ್ಧ ಕನ್ನಡ ಮಾತಾಡಿ ಅತ್ತೆಯಿಂದ ಶಹಬಾಸ್ ಅನ್ನಿಸಿಕೊಳ್ಳಬೇಕೆಂದು ಸ್ವಪ್ನಾಲಿ ಮನಸ್ಸಿನಲ್ಲೇ ಜೋಡಿಸಿಕೊಂಡು ಹೇಳಿದಳು.

"ನನ್ನ ಸಲುವಾಗಿ ತಂದಾರ್ರಿ. ಈ ಮನಿಗಿ ಬಂದ ಮ್ಯಾಲ ನನ್ನ ಮಾನ ಹೋಗ್ಯಾದ. ಅದಕ್ಕ ಇವರು ತಂದ್ರು."

ಕುತ್ತಿಗೆ ಎಂಬ ಮಾತು ಆ ಗಳಿಗೆಗೆ ಸಿಗದೆ, ಅವಳ ರೂಢಿಯಂತೆ ಮರಾಠಿಯದೇ ಬಾಯಿಗೆ ಬಂದಿತ್ತು. ಮರಾಠಿಯಲ್ಲಿ ಮಾನ ಎಂದರೆ ಕುತ್ತಿಗೆ. ಮರ್ಯಾದೆಗೂ ಅದೇ ಮಾತು. ಆದರೆ ಮರ್ಯಾದೆ ಹೋದರೆ ಅಲ್ಲಿ ಗೇಲಾ ಎನ್ನುತ್ತಾರೆ, ಕುತ್ತಿಗೆ ಹೋದರೆ ಗೇಲೀ, ಕೇಳಿದವರಿಗೆ ಯಾವುದು ಹೋಯಿತೆಂದು ತಿಳಿಯುತ್ತದೆ. ಕನ್ನಡದಲ್ಲಿ ಆ ಭೇದವಿಲ್ಲ. ಎರಡೂ ಹೋಗ್ಯಾದ. ನೀಲಗಂಗಮ್ಮ ಮರಾಠಿಯ ಸೀಮೆ ದಾಟಿ ಬಂದದ್ದು ಅದೇ ಮೊದಲು. ಆಕೆಗೆ ಆ ಮಾತಿಗೆ ಒಂದೇ ಅರ್ಥ. ರಂಭಾಬಾಯಿ ಬಜಾರದಲ್ಲಿ ದಿನಾ ಮರಾಠಿ ಮಾತಾಡುವವಳೇ, ಆದರೆ ಮಾತು ಬಂದದ್ದು ಕನ್ನಡದ ನಡುವೆ, ಬೀಗಿತ್ತಿಯ ಮುಂದೆ. ಆಕೆಯ ಕಿವಿಗೂ ಕನ್ನಡದ ಮಾನವೇ ಕೇಳಿಸಿತು.

ನೀಲಗಂಗಮ್ಮ ಭುಜ ಸರಿಸಿಕೊಂಡು ಸೆರಗು ಹೊದ್ದಳು. ಸಾಕವ್ವ ಎಂದಳು. ಕಾಜಲ ತಂದ ಭಜಿಯಲ್ಲಿ ಒಂದನ್ನಷ್ಟೇ ಮುರಿದು ಬಾಯಿಗೆ ಹಾಕಿಕೊಂಡಳು.

ವಾರ ಕಳೆಯುವುದರೊಳಗೆ ಗುರುಬಸಯ್ಯ ತಲೆ ಕೆಳಗೆ ಹಾಕಿಕೊಂಡು ಬಂದರು. ಹುಡುಗಿ ಒಪ್ಪಿಗೆಯಂತೆ, ಮನೆ ಒಪ್ಪಿಗೆಯಿಲ್ಲವಂತೆ. ಮನೆಯ ಸೊಸೆಯೇ ಬಂದವರೆದುರು ತನ್ನ ಮರ್ಯಾದಿ ಹೋಗ್ಯಾದ ಅಂದಮೇಲೆ ಆ ಮನೆಯಲ್ಲಿ ಏನು ನಡೆದಿದೆಯೋ ಏನೋ, ನಮಗ್ಯಾಕೆ ಎಂದರಂತೆ. ಮಾನ ಎಂದು ಹೊರಟ ಮಾತು ಆಳಂದ ಮುಟ್ಟಿ ಮರ್ಯಾದಿಯಾಗಿ ತಿರುಗಿ ಬಂದಿತ್ತು. ಓಣಿಗೆ ಇಳಿದ ಮೇಲೆ ಅದು ಇಜ್ಜತ್ ಆಯಿತು. ಇಜ್ಜತ್ ಎಂದಮೇಲೆ ಯಾರು ಕಳೆದರು ಎಂಬ ಪ್ರಶ್ನೆ ಬರುತ್ತದೆ, ಮನೆಯಲ್ಲಿ ಇರುವ ಗಂಡಸರು ಇಬ್ಬರೇ, ಒಬ್ಬ ಗಂಡ. ರೇವಣಪ್ಪ ಹನುಮಂತ ದೇವರ ಕಟ್ಟೆಗೆ ಹೋದ ಸಂಜೆ ಅಲ್ಲಿಯ ಮಾತು ತಟ್ಟನೆ ನಿಂತಿತು. ಅವನು ಮತ್ತೆ ಕಟ್ಟೆಗೆ ಹೋಗಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ರಂಭಾಬಾಯಿ ಒಲೆಯ ಮುಂದೆ ಅತ್ತಳು. ಅತ್ತು ಮುಗಿದ ಮೇಲೆ ಸೊಸೆಯನ್ನು ಕರೆದಳು.

"ಮರ್ಯಾದಿ ಹೋಗ್ಯಾದ ಅಂತ ಬೀಗರ ಮುಂದ ಅಂದ್ಯೋ ಇಲ್ಲೋ?"

"ಇಲ್ಲ ಅತ್ತಿ. ಆ ಶಬ್ದ ನನ್ನ ಬಾಯಾಗ ಬಂದೇ ಇಲ್ಲ."

"ನಾ ಬಾಜೂಕೇ ಕುಂತಿದ್ದೆ. ನನ್ನ ಕಿವಿಲೇ ಕೇಳೀನಿ."

"ನನ್ನ ತಾಯಿ ಆಣಿ. ಬಿಲ್ಕುಲ್ ಅಂದಿಲ್ಲ."

ಅಂದಿರಲಿಲ್ಲವಲ್ಲ. ಅವಳು ಆಣೆ ಮಾಡಿದ್ದು ಸುಳ್ಳಲ್ಲ, ಅತ್ತೆ ಕೇಳಿದ್ದೂ ಸುಳ್ಳಲ್ಲ. ಅವತ್ತು ಆಡಿದ ಮಾತು ಯಾವುದು, ಅದೇ ಮಾತನ್ನು ಇನ್ನೊಮ್ಮೆ ಆಡು ಎಂದು ಒಬ್ಬರು ಕೇಳಿದ್ದರೂ ಸಾಕಿತ್ತು. ಕೇಳಲು ಯಾರಿಗೂ ಸಮಾಧಾನವಿರಲಿಲ್ಲ. ಮರಾಠಿ ಶಾಲೆಯಲ್ಲಿ ಓದಿದ ಕಾಜಲಳಿಗೆ ಮಾನ ಎಂಬ ಮಾತು ಕಿವಿಗೆ ಬಿದ್ದಿದ್ದರೆ ಅಲ್ಲೇ ಬಿಡಿಸುತ್ತಿದ್ದಳು, ಆದರೆ ಅವಳು ಆಗ ಭಜಿಯ ಬಾಣಲೆಯ ಮುಂದಿದ್ದಳು, ಅವಳಿಗೆ ಮುಟ್ಟಿದ್ದು ಮರ್ಯಾದಿಯೇ. ತನ್ನ ಮದುವೆ ಮುರಿದು ವೈನಿಗೆ, ಅಣ್ಣನ ಹೆಂಡತಿಗೆ, ಏನು ಸಿಕ್ಕಿತು ಎಂದು ಕೇಳಿ ಕೋಣೆ ಸೇರಿದಳು. ವೈನಿಯ ಸಂಗಡ ಮಾತು ಬಿಟ್ಟಳು.

ಗುರುಬಸಯ್ಯನವರನ್ನು ಕರೆಸಿದರು, ರೇವಣಪ್ಪನ ಅಣ್ಣ ವಿಶ್ವನಾಥಪ್ಪನನ್ನೂ ಕರೆಸಿದರು. ಓಣಿಯ ಹೆಂಗಸರು ಕರೆಯದೆ ಬಂದು ಹೊಸ್ತಿಲಲ್ಲಿ ನಿಂತರು. ದೊಡ್ಡವರ ಪಾದ ಹಿಡಿದು ತಪ್ಪಾಯಿತು ಅಂದುಬಿಡವ್ವ, ಮಾತು ಇಲ್ಲಿಗೆ ತೀರಿತು ಎಂದು ಅಯ್ಯನವರು ಬುದ್ಧಿ ಹೇಳಿದರು. ಪಾದ ಹಿಡಿಯುತ್ತೇನೆ, ಆಡದ ಮಾತಿಗೆ ತಪ್ಪಾಯಿತು ಅನ್ನುವುದಿಲ್ಲ ಎಂದಳು ಸ್ವಪ್ನಾಲಿ. ಅಷ್ಟಾದರೂ ಮಾಡು ಎಂದರು. ಅವಳು ಅತ್ತೆಯ ಪಾದಕ್ಕೆ ಬಗ್ಗಿದಳು. ಅರ್ಧ ಬಗ್ಗಿದಾಗ ಕುತ್ತಿಗೆಯಿಂದ ಬೆರಳ ತನಕ ಕಾಸಿದ ತಂತಿ ಎಳೆದಂತಾಗಿ ಅಲ್ಲೇ ನಿಂತಳು. ಕೆಳಗೆ ಹೋಗಲಾಗಲಿಲ್ಲ. ಗೋಡೆ ಹಿಡಿದು ನೆಟ್ಟಗಾದಳು. ಕಣ್ಣಲ್ಲಿ ನೀರಿತ್ತು, ಸೆರಗಿನೊಳಗೆ ಅದು ಯಾರಿಗೂ ಕಾಣಲಿಲ್ಲ.

"ನೋಡ್ರಿ ಅಯ್ಯಾವರ, ಎಷ್ಟು ಸೊಕ್ಕದ," ಎಂದಳು ರಂಭಾಬಾಯಿ.

ಮರುದಿನ ಕೈಲಾಸ ಹೆಂಡತಿಯನ್ನು ನಿಲಂಗಾಕ್ಕೆ ಬಿಟ್ಟುಬಂದ. ನಾಲ್ಕು ದಿನ ಇದ್ದು ಬರಲಿ, ಮನೆ ತಣ್ಣಗಾಗಲಿ ಎಂದು ಅವನ ವಿಚಾರ. ಅತ್ತೆ ಕುಸುಮಬಾಯಿಗೆ ಏನಾಯಿತೆಂದು ಹೇಳಲಿಲ್ಲ, ಚಹಾ ಕುಡಿದು ಗಾಡಿ ತಿರುಗಿಸಿದ. ಹೊಲದಲ್ಲಿ ಟೋಳಿಯವರು ಕಾಯುತ್ತಿದ್ದರು.

ಸೊಸೆಯಿಲ್ಲದ ಮನೆ ತಣ್ಣಗಂತೂ ಆಯಿತು. ರಂಭಾಬಾಯಿ ರೊಟ್ಟಿ ಬಡಿದಳು, ಕಾಜಲ ಪಾತ್ರೆ ತಿಕ್ಕಿದಳು, ಇಬ್ಬರ ನಡುವೆ ಮಾತು ಕಡಿಮೆ. ಅರ್ಧ ಹೊಲಿದ ಬ್ಲೌಸುಗಳನ್ನು ಕೇಳಿಕೊಂಡು ಬಂದ ಹೆಂಗಸರು ಬ್ಲೌಸಿಗಿಂತ ಹೆಚ್ಚು ಸುದ್ದಿ ಕೇಳಿದರು. ಗಾಲಿ ಗೋಡೆಯ ಮಾಡಿನಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಬಿದ್ದಿತ್ತು. ಬೆನ್ನು ನೊಂದಾಗ ರಂಭಾಬಾಯಿ ಒಮ್ಮೆ ಅದನ್ನು ಕೈಗೆ ತೆಗೆದುಕೊಂಡಳು, ಉರುಳಿಸುವವರಿಲ್ಲದೆ ಹಾಗೇ ಇಟ್ಟಳು. ಕಾಜಲಳನ್ನು ಕರೆಯಬಹುದಿತ್ತು. ಓದುವ ಹುಡುಗಿಗೆ ಯಾಕೆ ತ್ರಾಸ ಎಂದು ಕರೆಯಲಿಲ್ಲ.

ಒಂದು ದಿನ ಊಟಕ್ಕೆ ಕುಳಿತಾಗ ಕೈಲಾಸ ಹೇಳಿದ. ಕುಸುಮಬಾಯಿ ಮಗಳನ್ನು ಉದಗೀರಕ್ಕೆ ಕರೆದೊಯ್ದು ತೋರಿಸಿದ್ದಾಳೆ, ಕುತ್ತಿಗೆಯ ಎಲುಬಿನ ಮಣಿಗಳ ನಡುವಿನ ಗಾದಿ ಸರಿದು ನರ ಒತ್ತಿದೆಯಂತೆ, ಬರುವುದು ತಡವಾಯಿತು ಎಂದರಂತೆ ಡಾಕ್ಟರು. ಆ ಕಟ್ಟಿಗೆಯ ಸಾಮಾನಿನಿಂದ ಆದದ್ದೇ ಎಂದು ಕುಸುಮಬಾಯಿ ಕೇಳಿದ್ದಳಂತೆ. ಸಾಮಾನಿನದೇನೂ ತಪ್ಪಿಲ್ಲ, ಬಿಗಿದ ಭುಜಕ್ಕೆ ಅದು ಹಿತವೇ. ಆದರೆ ಕೈಗೆ ಜೋಮು ಹಿಡಿದ ದಿನವೇ ಬರಬೇಕಿತ್ತು, ಆ ಕೈಯಿಂದಲೇ ಇಷ್ಟು ದಿನ ಮಂದಿಯ ಬೆನ್ನು ತಿಕ್ಕಿದ್ದು ಸರಿಯಾಗಲಿಲ್ಲ ಎಂದರಂತೆ ಡಾಕ್ಟರು. ಕುತ್ತಿಗೆಗೆ ಪಟ್ಟಾ ಹಾಕಿದ್ದಾರೆ. ಬಲಗೈಯ ಹಿಡಿತ ಎಷ್ಟು ತಿರುಗಿ ಬರುತ್ತದೆ ಎಂದು ಈಗಲೇ ಹೇಳಲಾಗದಂತೆ.

"ಉದಗೀರಕ ಹೋಗೋ ಮುಂದ ನಮಗೊಂದು ಮಾತು ಕೇಳಬೇಕಿತ್ತು," ಎಂದಳು ರಂಭಾಬಾಯಿ.

"ನಂಗ ಕೇಳಿದ್ಳು ಅವ್ವ. ದೀಪಾವಳಿ ಆದಾಗಿಂದ ಕೇಳ್ಲಾಕತ್ತಿದ್ಳು," ಎಂದ ಕೈಲಾಸ. ರೊಟ್ಟಿ ಮುರಿಯುತ್ತಲೇ ಇದ್ದ, ತಿನ್ನಲಿಲ್ಲ.

ಕಾರಹುಣ್ಣಿಮೆ ಇನ್ನೂ ದೂರವಿತ್ತು, ಬಿಸಿಲು ಏರತೊಡಗಿತ್ತು. ಲೋಹಾರಾದಲ್ಲಿ ತಂಗಿಯ ಮೊಮ್ಮಗುವಿನ ತೊಟ್ಟಿಲು ಇತ್ತು. ರಂಭಾಬಾಯಿ ಒಬ್ಬಳೇ ಬಸ್ಸು ಹತ್ತಿದಳು. ಕಿಟಕಿಯ ಬದಿ ಕುಳಿತು ಎಲೆ ಅಡಿಕೆ ಹಾಕಿಕೊಂಡಳು. ಬಾಯಿ ತುಂಬಿದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಎದುರಿನಿಂದ ಕಬ್ಬಿನ ಟ್ರಕ್ ಬರುತ್ತಿತ್ತು, ಕಬ್ಬಿನ ತುದಿಗಳು ರಸ್ತೆಯ ನಡುವಿನ ತನಕ ಚಾಚಿದ್ದವು. ಕಂಡಕ್ಟರ್ ಹಿಂದಿನಿಂದ ಕೂಗಿದ.

"ಆಜೀ, ಮಾನ ಆತ ಘ್ಯಾ!"

ರಂಭಾಬಾಯಿ ಕುತ್ತಿಗೆ ಒಳಗೆ ಎಳೆದುಕೊಂಡಳು. ಟ್ರಕ್ ಕಿಟಕಿಯ ಅಂಚು ಸವರಿಕೊಂಡು ಹೋಯಿತು. ಕಂಡಕ್ಟರ್ ಇನ್ನೂ ಏನೇನೋ ಬಯ್ಯುತ್ತಿದ್ದ, ಅದು ಆಕೆಗೆ ಕೇಳಿಸಲಿಲ್ಲ. ಮಾನ ಒಳಗೆ ತಗೋ ಎಂದಿದ್ದ, ತಾನು ಕುತ್ತಿಗೆ ಒಳಗೆ ತೆಗೆದುಕೊಂಡಿದ್ದಳು. ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಬಜಾರದಲ್ಲಿ, ದವಾಖಾನೆಯಲ್ಲಿ, ಬಾಣಂತಿಯ ಮನೆಯಲ್ಲಿ ಕೂಸಿನ ಮಾನ ಹಿಡಿ, ಮಾನ ಜೋಪಾನ ಎಂದು ತಾನೇ ಎಷ್ಟು ಸಲ ಅಂದಿದ್ದಳು. ಗೊತ್ತಿಲ್ಲದ ಮಾತಲ್ಲ, ಗೊತ್ತಿದ್ದ ಮಾತು. ಬಾಯೊಳಗಿನ ಎಲೆ ಕಹಿಯಾಯಿತು, ಉಗುಳಲೂ ಆಗಲಿಲ್ಲ ನುಂಗಲೂ ಆಗಲಿಲ್ಲ. ಲೋಹಾರಾದಲ್ಲಿ ತೊಟ್ಟಿಲ ಹಾಡು ಹೇಳು ಎಂದರೆ ಗಂಟಲು ಕಟ್ಟಿದೆ ಎಂದಳು.

ಮನೆಗೆ ಬಂದು ಆಕೆ ಹೇಳಲಿಲ್ಲ. ಇವತ್ತು ಹೇಳುತ್ತೇನೆ ನಾಳೆ ಹೇಳುತ್ತೇನೆ ಎಂದು ದಿನ ಕಳೆದಳು. ತಪ್ಪಾಯಿತು ಅನ್ನುವುದು ಸೊಸೆಯರಿಗೆ ರೂಢಿ, ಅತ್ತೆಯರಿಗೆ ಅದು ಪರಭಾಷೆ. ಕಡೆಗೆ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ, ಕಾಜಲ ಒಲೆಗೆ ಕಟ್ಟಿಗೆ ನೂಕುತ್ತಿದ್ದಾಗ, ಬಸ್ಸಿನ ಸಂಗತಿಯನ್ನೆಲ್ಲ ಹೇಳಿಬಿಟ್ಟಳು. ಕಾಜಲ ಕೈಯಲ್ಲಿದ್ದ ಕಟ್ಟಿಗೆ ಕೆಳಗಿಟ್ಟಳು.

"ವೈನಿ ಮಾನ ಅಂದಿದ್ಳಾ? ಮರ್ಯಾದಿ ಅಂದಿದ್ದಿಲ್ಲಾ?"

"ಮಾನ ಅಂದಿದ್ಳು."

"ಅವ್ವ, ಅದು ಮೊದಲೇ ಹೇಳಿದ್ರ ಆಗ್ತಿದ್ದಿಲ್ಲಾ?" ಎಂದು ಕಾಜಲ ಅತ್ತಳು. ಯಾರ ಸಲುವಾಗಿ ಅಳುತ್ತಿದ್ದಾಳೆಂದು ಅವಳಿಗೇ ತಿಳಿದಿರಲಿಕ್ಕಿಲ್ಲ. ಸುಮಿತನ ನಿಶ್ಚಯ ಅಷ್ಟರಲ್ಲಿ ಬೇರೆ ಕಡೆ ಆಗಿತ್ತು.

ರೇವಣಪ್ಪ ಕೇಳಿ ಗೋಡೆಗೆ ಒರಗಿದ. ಆಮೇಲೆ ಲೋಕದ ಮಾತು ಹೇಳಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಈಗ ಕೆದಕಿದರೆ ನಗುವವರೇ ಹೆಚ್ಚು. ಸುಮ್ಮನೆ ಹೋಗಿ ಸೊಸೆಯನ್ನು ಕರೆದುಕೊಂಡು ಬನ್ನಿ, ದಿನ ಕಳೆದರೆ ಎಲ್ಲ ಮರೆಯುತ್ತದೆ ಎಂದ. ಕೈಲಾಸ ಗಾಡಿಯ ಕೀಲಿ ತೆಗೆದುಕೊಂಡ. ರಂಭಾಬಾಯಿ ಅವನ ಕೈಯಿಂದ ಕೀಲಿ ಕಸಿದು ಗೂಟಕ್ಕೆ ಹಾಕಿದಳು. ತಾನೇ ಹೋಗುತ್ತೇನೆ ಎಂದಳು.

ನಿಲಂಗಾದಲ್ಲಿ ಕುಸುಮಬಾಯಿ ನೀರು ಕೊಟ್ಟಳು, ಕೂಡಿರಿ ಎನ್ನಲಿಲ್ಲ. ಸ್ವಪ್ನಾಲಿ ಕುರ್ಚಿಯಲ್ಲಿ ಕುಳಿತಿದ್ದಳು. ಕುತ್ತಿಗೆಯ ಸುತ್ತ ದಪ್ಪ ಪಟ್ಟಾ, ಗದ್ದ ಅದರ ಮೇಲೆ ಕುಳಿತಿತ್ತು. ಬಗ್ಗುವಂತಿರಲಿಲ್ಲ, ಸೆರಗು ಹೊದೆಯುವಂತೆಯೂ ಇರಲಿಲ್ಲ. ಸೊಸೆಯ ಮುಖವನ್ನು ಅಷ್ಟು ಹೊತ್ತು ಎದುರುಬದುರು ನೋಡಿದ್ದು ರಂಭಾಬಾಯಿಗೆ ಅದೇ ಮೊದಲು. ಸಣ್ಣ ಹುಡುಗಿ, ಎಂದು ಅನ್ನಿಸಿತು. ತನ್ನ ಕಾಜಲಳಷ್ಟೇ ವಯಸ್ಸಿನವಳು.

ರಂಭಾಬಾಯಿ ನಿಂತುಕೊಂಡೇ ಎಲ್ಲ ಹೇಳಿದಳು. ಬಸ್ಸು, ಟ್ರಕ್, ಕಂಡಕ್ಟರ್, ಯಾವುದನ್ನೂ ಬಿಡಲಿಲ್ಲ. ಮನೆಗೆ ಹೋಗೋಣ ಬಾ ಎಂದಳು. ಸ್ವಪ್ನಾಲಿ ಕೇಳಿ ಮುಗಿಸಿ ಸಾವಕಾಶ ಕನ್ನಡದಲ್ಲಿ ಉತ್ತರ ಕೊಟ್ಟಳು.

"ಅವತ್ತ ನಾ ಕುತ್ತಿಗಿ ಹೋಗ್ಯಾದ ಅಂದಿದ್ದೆ, ಅತ್ತಿ. ನೀವು ಕೇಳಿದ್ದು ಅವತ್ತ ಖರೆ ಇದ್ದಿಲ್ಲ. ಈಗ ಖರೆ ಆಗ್ಯಾದ."

ರಂಭಾಬಾಯಿ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟಳು.

"ಎಲ್ಲಾರ ಮುಂದ ಸುಳ್ಳಿ ಅನ್ನಿಸಿಕೊಂಡು ಬಂದೀನಿ. ಎಲ್ಲಾರ ಮುಂದ ಹೇಳ್ರಿ, ಬರ್ತೀನಿ. ಇಲ್ಲಂದ್ರ ಬರಂಗಿಲ್ಲ."

ಇಷ್ಟು ಮಾತು ಕಲಿಸಿದವರು ಯಾರು ಎಂದು ಕೇಳುವ ಹಾಗೂ ಇರಲಿಲ್ಲ, ಕಲಿಸಿದವಳು ತಾನೇ. ಆಗಲಿ ಎಂದು ರಂಭಾಬಾಯಿ ಹೊರಟಳು. ಕುಸುಮಬಾಯಿ ಬಾಗಿಲ ತನಕ ಬಂದು ಕುಂಕುಮ ಹಚ್ಚಿದಳು. ಬಂದವರಿಗೆ ಕುಂಕುಮ ಹಚ್ಚದೆ ಕಳಿಸುವುದು ಅವಳ ಮನೆತನದಲ್ಲಿರಲಿಲ್ಲ.

ಸೋಮವಾರ ಅಯ್ಯನವರನ್ನು ಪ್ರಸಾದಕ್ಕೆ ಕರೆದರು. ಹಿಂದೆ ಸೊಸೆಯ ಪಂಚಾಯತಿಗೆ ಕುಳಿತವರನ್ನೆಲ್ಲ ರಂಭಾಬಾಯಿ ಹುಡುಕಿ ಹುಡುಕಿ ಕರೆದಳು, ವಿಶ್ವನಾಥಪ್ಪನನ್ನು, ಹೊಸ್ತಿಲಲ್ಲಿ ನಿಂತಿದ್ದ ಹೆಂಗಸರನ್ನು ಕೂಡ. ಕೈಲಾಸ ಹೆಂಡತಿಯನ್ನು ಕರೆತಂದ. ಕಾಜಲ ಕೈ ಹಿಡಿದು ಒಳಗೆ ಕರೆದುಕೊಂಡಳು. ಎಲ್ಲರೂ ಕೂಡಿದ ಮೇಲೆ ರಂಭಾಬಾಯಿ ಪಡಸಾಲೆಯ ನಡುವೆ ನಿಂತು, ತಪ್ಪು ತನ್ನ ಕಿವಿಯದು, ಸೊಸೆ ಸುಳ್ಳು ಆಡಿರಲಿಲ್ಲ ಎಂದು ಮೊದಲೇ ಹೇಳಿ, ಆಮೇಲೆ ಯಾವ ಮಾತು ಯಾವುದಾಯಿತು ಎಂಬುದನ್ನು ಬಿಡಿಸಿದಳು.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಮೊದಲು ವಿಶ್ವನಾಥಪ್ಪ ನಕ್ಕ. ಕುತ್ತಿಗಿ ಹೋಗಿ ಇಜ್ಜತ್ ಆಯ್ತಲ್ಲೋ ಎಂದು ತೊಡೆ ತಟ್ಟಿಕೊಂಡು ನಕ್ಕು ನಕ್ಕು ಕೆಮ್ಮಿದ. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅಯ್ಯನವರೂ ಮೀಸೆಯೊಳಗೇ ನಕ್ಕರು. ರೇವಣಪ್ಪ ಎಷ್ಟೋ ದಿನಗಳ ಮೇಲೆ ತಲೆ ಎತ್ತಿ ನಕ್ಕ, ಅವನ ಎದೆಯ ಮೇಲಿನ ಕಲ್ಲು ಇಳಿದಿತ್ತು. ಮುರುಮದಲ್ಲಿ ಮದುವೆ ಮುಂಜಿಯಲ್ಲಿ ಹೇಳಿ ನಗಲು ಒಂದು ಕಥೆ ಸಿಕ್ಕಿತ್ತು. ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ರಂಭಾಬಾಯಿಯ ತುಟಿಯೂ ಸ್ವಲ್ಪ ಅರಳಿತು. ಸ್ವಪ್ನಾಲಿ ನಗಲಿಲ್ಲ. ಪಟ್ಟಾದ ಮೇಲೆ ಗದ್ದ ಇಟ್ಟುಕೊಂಡು ಎಲ್ಲರನ್ನೂ ನೋಡುತ್ತಿದ್ದಳು.

ಎಲೆ ಹಾಕಿದರು. ಬಡಿಸುವ ಕೆಲಸ ಆಗದವಳೆಂದು ರಂಭಾಬಾಯಿ ಸೊಸೆಯನ್ನೂ ಪಂಕ್ತಿಯಲ್ಲೇ ಕೂಡಿಸಿದಳು. ಹೋಳಿಗೆ ಬಂತು, ಕಟ್ಟಿನ ಸಾರು ಬಂತು. ಅಯ್ಯನವರು ಮಂತ್ರ ಹೇಳಿ ತುತ್ತು ತೆಗೆದರು, ಎಲ್ಲರೂ ತೆಗೆದರು. ನಗು ಇನ್ನೂ ಅಲ್ಲಲ್ಲಿ ಉಳಿದಿತ್ತು. ಸ್ವಪ್ನಾಲಿ ಬಲಗೈಯಿಂದ ಹೋಳಿಗೆ ಮುರಿಯಲು ನೋಡಿದಳು. ಹೆಬ್ಬೆರಳು ಬೆರಳುಗಳನ್ನು ಕೂಡಲಿಲ್ಲ, ಹೋಳಿಗೆ ಜಾರಿತು. ಇನ್ನೊಮ್ಮೆ ನೋಡಿದಳು. ಮತ್ತೆ ಜಾರಿತು. ಅವಳು ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಿಂದ ಹೋಳಿಗೆ ಮುರಿದಳು.

ವಿಶ್ವನಾಥಪ್ಪ ಅದನ್ನು ಕಂಡ.

"ಇದೇನಿದು, ಅಯ್ಯಾವರ ಪಂಕ್ತಿಯಾಗ ಎಡಗೈಲೆ ಉಣ್ಲಾಕತ್ತಾಳಲ್ಲ?"

ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದ ರಂಭಾಬಾಯಿ ಅಲ್ಲೇ ನಿಂತಳು. ಆಕೆಯ ಮುಖದ ಮೇಲೆ ಉಳಿದಿದ್ದ ಚೂರು ನಗುವೂ ಹೋಯಿತು.

"ಆಕಿ ಬಲಗೈ ನಾವು ಉಂಡೀವ್ರಿ, ಭಾವ," ಎಂದಳು. "ಎಡಗೈ ಆದ್ರೂ ಆಕೀಗಿ ಇರ್ಲಿ."

ಪಂಕ್ತಿಯಲ್ಲಿ ಎಲ್ಲರ ಕೈ ನಿಂತವು. ರಂಭಾಬಾಯಿ ಬಗ್ಗಿ ಸೊಸೆಯ ಎಲೆಗೆ ತುಪ್ಪ ಹಾಕಿದಳು. ಸ್ವಪ್ನಾಲಿ ಎಡಗೈಯಿಂದ ಮೊದಲ ತುತ್ತು ಬಾಯಿಗೆ ಇಟ್ಟುಕೊಂಡಳು.